ಕರಿದ ಎಣ್ಣೆಯಲ್ಲಿ ಓಡುವ ಹಳೆಯ ಡೀಸೆಲ್ ಕಾರು

ಅಮೆರಿಕದಲ್ಲಿ ಕರಿದ ಎಣ್ಣೆಯಿಂದ ಕಾರು ಓಡಿಸಬೇಕೆನ್ನುವವರು 1980ರ ಆಸುಪಾಸಿನ ಮರ್ಸಿಡಿಸ್ 300ಡಿ ಕಾರನ್ನೇ ಹುಡುಕುವುದಕ್ಕೆ ಕಾರಣವಿದೆ. ನಾನು ಕೊಂಡದ್ದೂ ಅದನ್ನೇ. ಅದರ ಐದು ಸಿಲಿಂಡರಿನ ಎಂಜಿನ್ನಿನಲ್ಲಿ ಇಂಧನವು ಮೊದಲು ಪುಟ್ಟ ಪೂರ್ವಕೋಣೆಯಲ್ಲಿ ಹೊತ್ತಿಕೊಳ್ಳುತ್ತದೆ, ಮತ್ತು ಬಾಷ್‌ನ ಗಟ್ಟಿಮುಟ್ಟಾದ ಇನ್‌ಲೈನ್ ಪಂಪು ಮಂದವಾದ ಎಣ್ಣೆಯನ್ನೂ ತಳ್ಳಬಲ್ಲದು. ಅತಿ ಹೆಚ್ಚಿನ ಒತ್ತಡದಲ್ಲಿ ಇಂಧನ ಚಿಮ್ಮಿಸುವ ಇಂದಿನ ಕಾಮನ್ ರೈಲ್ ಎಂಜಿನ್ನಿಗೆ ಕರಿದ ಎಣ್ಣೆಯನ್ನು ಹಾಕಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಡೀಸೆಲ್ ಎಂಜಿನ್ನೊಂದು ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ತೊಡಕಿರುವುದು ಮಂದತನದಲ್ಲಿ. ಬಿಸಿಯಾಗದ ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು ಮಂದವಾಗಿರುವುದರಿಂದ, ದಪ್ಪ ಹನಿಗಳಾಗಿ ಚಿಮ್ಮಿ, ಪೂರ್ತಿ ಉರಿಯದೆ, ಇಂಧನ ಚಿಮ್ಮಿಸುವ ಇಂಜೆಕ್ಟರಿನ ಮೂತಿಯಲ್ಲೂ ಪಿಸ್ಟನ್ ರಿಂಗುಗಳಲ್ಲೂ ಮಸಿಯಾಗಿ ಕೂರುತ್ತದೆ. ಹಾಗಾಗಿಯೇ ಡೀಸೆಲ್‌ಗೊಂದು, ಎಣ್ಣೆಗೊಂದು ಎಂದು ಎರಡು ಟ್ಯಾಂಕುಗಳ ಏರ್ಪಾಡು: ಡೀಸೆಲ್‌ನಲ್ಲಿ ಎಂಜಿನ್ ಶುರುಮಾಡಿ, ಎಂಜಿನ್ನಿನ ಬಿಸಿನೀರು ಎಣ್ಣೆಯನ್ನು ಸುಮಾರು 70 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಮೇಲೆ ವಾಲ್ವ್ ತಿರುಗಿಸಿ ಎಣ್ಣೆಗೆ ಬದಲಾಯಿಸಬೇಕು, ನಿಲ್ಲಿಸುವ ಕೆಲವು ನಿಮಿಷ ಮೊದಲು ಮತ್ತೆ ಡೀಸೆಲ್‌ಗೆ ಬಂದು ಪೈಪುಗಳನ್ನು ತೊಳೆಯಬೇಕು.

ಮಸಿಗಿಂತ ನನಗೆ ಹೆಚ್ಚು ಭಯವಿರುವುದು ನೀರಿನದು, ಏಕೆಂದರೆ ಅದು ಪಂಪಿನೊಳಗೆ ತುಕ್ಕು ಹಿಡಿಸುತ್ತದೆ. ಹೋಟೆಲಿನಿಂದ ತಂದ ಎಣ್ಣೆಯನ್ನು ಡ್ರಮ್ಮಿನಲ್ಲಿ ವಾರಗಟ್ಟಲೆ ತಿಳಿಯಾಗಲು ಬಿಟ್ಟು, ಮೇಲಿನದನ್ನಷ್ಟೇ ತೆಗೆದು ಸೋಸುತ್ತೇನೆ. ಬಳಿಕ ಚೆನ್ನಾಗಿ ಕಾದ ಬಾಣಲೆಗೆ ಒಂದು ಚಮಚ ಹಾಕಿ ನೋಡುತ್ತೇನೆ: ಚಟಪಟ ಸದ್ದಾದರೆ ಅಥವಾ ತಳದಿಂದ ಸಣ್ಣ ಗುಳ್ಳೆಗಳೆದ್ದರೆ ನೀರಿದೆ ಎಂದರ್ಥ, ಆ ಡ್ರಮ್ಮು ಇನ್ನೂ ಕಾಯಬೇಕು. ಚಳಿಯಲ್ಲಿ ಹೆಪ್ಪುಗಟ್ಟುವ ತಾಳೆ ಎಣ್ಣೆಯನ್ನು ಮಾತ್ರ ನಾನು ತರುವುದೇ ಇಲ್ಲ.