ಹೊಳೆ ಇಳಿದಾಗ ನೋಡಬೇಕಾದ ಕೋಟೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಬಸ್ಸು ಶ್ರೀರಂಗಪಟ್ಟಣದ ಹತ್ತಿರ ಎರಡು ಸಲ ಕಾವೇರಿ ದಾಟುತ್ತದೆ. ಮೊದಲ ಸೇತುವೆಯಲ್ಲಿ ಕೈಮುಗಿದು ಕಾಸು ಎಸೆದವರು ಎರಡನೆಯ ಸೇತುವೆ ಬರುವಷ್ಟರಲ್ಲಿ ಮೊಬೈಲು ಹಿಡಿದಿರುತ್ತಾರೆ. ಆ ಎರಡು ಕವಲುಗಳ ನಡುವೆ ಇರುವುದೇ ದ್ವೀಪ. ಉದ್ದ ಸುಮಾರು 5 ಕಿಲೋಮೀಟರ್, ಪಶ್ಚಿಮದ ತುದಿಯಲ್ಲಿ ಕೋಟೆ, ಪೂರ್ವದ ತುದಿಯಲ್ಲಿ ಸಂಗಮ. ದೇವಸ್ಥಾನ, ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್, ಅವನ ಗೋರಿಯಿರುವ ಗುಂಬಜ್ ಎಂದು ಅರ್ಧ ದಿನದಲ್ಲಿ ಸುತ್ತಿ ಬಂದರೆ ಕಟ್ಟಡಗಳನ್ನು ನೋಡಿದಂತಾಗುತ್ತದೆ, ಕೋಟೆಯನ್ನಲ್ಲ. ಈ ಕೋಟೆಯ ಮೊದಲ ಗೋಡೆ ಹೊಳೆ. ಅದು ಯಾವ ತಿಂಗಳು ಎಷ್ಟಿರುತ್ತದೆ ಎನ್ನುವುದರ ಮೇಲೆ ಊರಿನ ಉಳಿವು ನಿಂತಿತ್ತು.

ಆದ್ದರಿಂದ ಏಪ್ರಿಲ್–ಮೇ ತಿಂಗಳಲ್ಲಿ ಹೋಗುವುದು ಒಳ್ಳೆಯದು. ಬಿಸಿಲು ಸುಡುತ್ತದೆ, ನಿಜ. ಆದರೆ ಬಂಡೆಗಳು ಮೈಬಿಟ್ಟಿರುವುದು ಆಗಲೇ. ಮೈಸೂರಿನಿಂದ ಸುಮಾರು 15 ಕಿಲೋಮೀಟರ್. ರೈಲಿನಲ್ಲಿ ಬಂದರೆ ಹಳಿ ಕೋಟೆಗೋಡೆಯನ್ನು ಸೀಳಿಕೊಂಡು ಒಳಬರುವುದನ್ನೂ ನೋಡಬಹುದು. ಜೋಡಿಹಳಿ ಹಾಕುವಾಗ ಟಿಪ್ಪುವಿನ ಕಾಲದ ಮದ್ದಿನಮನೆಯೊಂದು ಅಡ್ಡ ಬಂತು. ಅದನ್ನು ಕೆಡವದೆ, 2017ರಲ್ಲಿ ಬುಡಸಮೇತ ಎತ್ತಿ ಸುಮಾರು 130 ಮೀಟರ್ ಆಚೆ ಕೂರಿಸಿದರು.

ನಿಲ್ದಾಣದಿಂದ ರಂಗನಾಥಸ್ವಾಮಿ ಗುಡಿಗೆ ನಡೆದೇ ಹೋಗಬಹುದು. ಗುಡಿಯ ಮೊದಲ ಕಟ್ಟಡವನ್ನು ಗಂಗರ ಸಾಮಂತ ತಿರುಮಲಯ್ಯ ಒಂಬತ್ತು–ಹತ್ತನೆಯ ಶತಮಾನದಲ್ಲಿ ಕಟ್ಟಿಸಿದ. ಕೋಟೆ 1454ರಲ್ಲಿ ನಾಗಮಂಗಲದ ತಿಮ್ಮಣ್ಣನಿಂದ ಶುರುವಾಯಿತು ಎನ್ನುತ್ತಾರೆ. 1610ರಲ್ಲಿ ರಾಜ ಒಡೆಯರು ಗೆದ್ದುಕೊಂಡ ಮೇಲೆ 1799ರವರೆಗೆ ಇದೇ ರಾಜಧಾನಿ.

ಗುಡಿಯಿಂದ ಉತ್ತರಕ್ಕೆ ನಡೆದರೆ ಹೊಳೆಯಂಚಿನಲ್ಲಿ ಕರ್ನಲ್ ಬೇಲಿಯ ಹೆಸರಿನ ಬಂದೀಖಾನೆ ಸಿಗುತ್ತದೆ. ಇಟ್ಟಿಗೆ, ಗಾರೆಯ ಕಮಾನುಗಳ ಕೋಣೆ. ಗೋಡೆಯುದ್ದಕ್ಕೂ ತೂತು ಕೊರೆದ ಕಲ್ಲುಚಪ್ಪಡಿಗಳು, ಕೈದಿಗಳ ಕೈಗೆ ಸರಪಳಿ ಹಾಕಿ ಕಟ್ಟಲು. ನಡುವೆ ಒಂದು ಫಿರಂಗಿ ಬಿದ್ದುಕೊಂಡಿದೆ. ಮುತ್ತಿಗೆಯ ಹೊತ್ತಿನಲ್ಲಿ ಚಾವಣಿ ಒಡೆದುಕೊಂಡು ಒಳಗೆ ಉರುಳಿತು ಎಂದು ಗೈಡುಗಳು ಹೇಳುತ್ತಾರೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕ ಈ ಬ್ರಿಟಿಷ್ ಕರ್ನಲ್ 1782ರಲ್ಲಿ ಈ ಊರಿನಲ್ಲೇ ಸತ್ತ.

ಅಲ್ಲಿಂದ ವಾಯವ್ಯ ಮೂಲೆಗೆ ಬನ್ನಿ. 1907ರಲ್ಲಿ ನಿಲ್ಲಿಸಿದ ಸ್ಮಾರಕ ಸ್ತಂಭ ಇರುವ ಜಾಗವೇ ಬ್ರಿಟಿಷರು ಗೋಡೆ ಒಡೆದು ಒಳನುಗ್ಗಿದ ಕಡೆ. ಸ್ತಂಭಕ್ಕೆ ಬೆನ್ನುಕೊಟ್ಟು ಹೊಳೆಯತ್ತ ನೋಡಿ. ಬೇಸಿಗೆಯಲ್ಲಿ ಹಾಸುಬಂಡೆ, ನಡುನಡುವೆ ತೆಳುವಾಗಿ ಹರಿಯುವ ನೀರು. 1799ರ ಮೇ 4ರ ಮಧ್ಯಾಹ್ನ ಸುಮಾರು ಒಂದು ಗಂಟೆಗೆ, 4,000ಕ್ಕೂ ಹೆಚ್ಚು ಸೈನಿಕರು ಈ ಹೊಳೆಯನ್ನು ಕಾಲ್ನಡಿಗೆಯಲ್ಲೇ ದಾಟಿದರು. ಕೆಲವೆಡೆ ಪಾದ ಮುಳುಗುವಷ್ಟು ನೀರು, ಕೆಲವೆಡೆ ಸೊಂಟದವರೆಗೆ. ಮುಂದಾಳು ಜನರಲ್ ಬೇರ್ಡ್. ಹಿಂದೊಮ್ಮೆ ಇದೇ ಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಕೈದಿಯಾಗಿದ್ದವನು. ಗೋಡೆ ಹತ್ತಿದವರು ಎಡಕ್ಕೂ ಬಲಕ್ಕೂ ಕವಲೊಡೆದು ಅಲಂಗದ ಮೇಲೆ ಸಾಗಿದರು. ಟಿಪ್ಪು ಎದುರಾದದ್ದು ಉತ್ತರದ ಕಡೆ. ಅವನು ಸತ್ತುಬಿದ್ದ ಜಾಗದಲ್ಲಿ ಈಗ ಒಂದು ಕಲ್ಲು ಇದೆ.

ಟಿಪ್ಪುವಿನ ಮಂತ್ರಿ ಮೀರ್ ಸಾದಿಕನ ದ್ರೋಹದ ಕಥೆ ಎಲ್ಲರಿಗೂ ಗೊತ್ತು. ಆದರೆ ಪಂಚಾಂಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1791ರ ಮೇ ತಿಂಗಳಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಸೈನ್ಯದೊಂದಿಗೆ ಹತ್ತಿರದ ಅರಕೆರೆಯವರೆಗೆ ಬಂದಿದ್ದ. ಮಳೆ ಹಿಡಿಯಿತು, ಹೊಳೆ ಏರಿತು, ಮೇವಿಲ್ಲದೆ ಎತ್ತುಗಳು ಸತ್ತವು. ಎಳೆಯುವವರಿಲ್ಲದ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಿದ. ಮರುಸಲ ಫೆಬ್ರವರಿಯಲ್ಲೇ ಬಂದ. 1792ರ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಹೋಯಿತು. 1799ರಲ್ಲಿ ಏಪ್ರಿಲಿನಲ್ಲಿ ಮುತ್ತಿಗೆ ಹಾಕಿದ ಬ್ರಿಟಿಷ್ ದಂಡನಾಯಕ ಹ್ಯಾರಿಸ್‌ಗೂ ಅದೇ ಭಯ. ದವಸ ಮುಗಿಯುತ್ತಿತ್ತು, ಇನ್ನೊಂದು ತಿಂಗಳಲ್ಲಿ ಮುಂಗಾರಿನ ನೀರು ಬರುತ್ತಿತ್ತು. ಅವನು ಕಾಯಲಿಲ್ಲ.

ಹೊಳೆ ತುಂಬಿದರೆ ದಾಟಲು ಇದ್ದದ್ದು ಹರಿಗೋಲು.  ಅದು ಬಿದಿರಿನ ದುಂಡು ಬುಟ್ಟಿ. ಬಿದಿರನ್ನು ಸೀಳಿ, ತಳದಲ್ಲಿ ಒತ್ತಾಗಿ ಹೆಣೆದು, ಅಂಚನ್ನು ದಪ್ಪ ದಬ್ಬೆಗಳಿಂದ ಬಿಗಿಯುತ್ತಾರೆ. ಹಿಂದೆ ಹೊರಮೈಗೆ ತೊಗಲು ಹೊಲಿಯುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಮುಂದು ಹಿಂದು ಇಲ್ಲದ್ದರಿಂದ ಸುಮ್ಮನೆ ಬಿಟ್ಟರೆ ಬುಗುರಿಯಂತೆ ತಿರುಗುತ್ತದೆ. ಹುಟ್ಟು ಹಾಕುವವನು ನೀರನ್ನು ತನ್ನತ್ತ ಎಳೆದುಕೊಳ್ಳುತ್ತ ದಿಕ್ಕು ಹಿಡಿಸಬೇಕು. ತಳ ಚಪ್ಪಟೆಯಾದ್ದರಿಂದ ಬಂಡೆಗಳ ಮೇಲಿನ ತೆಳುನೀರಿನಲ್ಲೂ ತೇಲುತ್ತದೆ. ಅದೇ ಅದರ ದೌರ್ಬಲ್ಯವೂ ಹೌದು: ನೀರನ್ನು ಕೊರೆದು ನಿಲ್ಲುವ ಅಡಿಯಿಲ್ಲ, ಹಾಗಾಗಿ ಸೆಳೆತ ಕರೆದ ಕಡೆ ಹೋಗುತ್ತದೆ. ಮಗುಚುವುದು ಹೆಚ್ಚಾಗಿ ಫೋಟೊಕ್ಕೆಂದು ಎಲ್ಲರೂ ಒಂದೇ ಬದಿಗೆ ಎದ್ದಾಗ. ಇಲ್ಲವೇ ಬಂಡೆಯ ಮೊನೆಗೆ ತಳ ಹರಿದಾಗ. ಈ ಬುಟ್ಟಿಯ ಬೆಲೆ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಗೂ ತಿಳಿದಿತ್ತು. 1800ರಲ್ಲಿ ಬಂಡಾಯಗಾರ ಧೋಂಡಿಯಾ ವಾಘ್‌ನನ್ನು ಬೆನ್ನಟ್ಟುವಾಗ ತುಂಬಿದ ಹೊಳೆಗಳನ್ನು ಸೈನ್ಯ ತೊಗಲಿನ ಹರಿಗೋಲುಗಳಲ್ಲಿ ದಾಟಿತು.

ಉತ್ತರದ ಕವಲಿನ ಮೇಲೆ ದಿವಾನ ಪೂರ್ಣಯ್ಯ 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯನ್ನು ಬಿಡಬೇಡಿ. ಅದಕ್ಕೆ ಕಮಾನಿಲ್ಲ. ಗುಡಿಯ ಮಂಟಪದಂತೆ ಕಲ್ಲುಕಂಬ, ಅದರ ಮೇಲೆ ಬೋದಿಗೆ, ಮೇಲೆ ತೊಲೆ. ದೊಡ್ಡ ನೆರೆಯಲ್ಲಿ ನೀರು ಅದರ ಮೇಲೆಯೇ ಹಾಯುತ್ತದೆ, ಆದರೂ ನಿಂತಿದೆ. ದರಿಯಾ ದೌಲತ್‌ನಲ್ಲಿ ಪೊಳ್ಳಿಲೂರು ಯುದ್ಧದ ಭಿತ್ತಿಚಿತ್ರಕ್ಕೆ ಸಮಯ ಕೊಡಿ, ಉಳಿದದ್ದನ್ನು ಬೇಗ ಮುಗಿಸಬಹುದು. ಗುಂಬಜ್‌ನಲ್ಲಿ ನೆರಳಿದೆ, ಮಧ್ಯಾಹ್ನವನ್ನು ಅಲ್ಲಿ ಕಳೆಯಿರಿ.

ಸಂಗಮದ ವಿಷಯದಲ್ಲಿ ಎಚ್ಚರ. ಈಗ ಹೊಳೆಯ ಲಗಾಮು ಮಳೆಯ ಕೈಯಲ್ಲಿ ಮಾತ್ರ ಇಲ್ಲ, ಕನ್ನಂಬಾಡಿ ಕಟ್ಟೆಯ ಕೈಯಲ್ಲೂ ಇದೆ. ಕಟ್ಟೆ ತುಂಬಿ 124.80 ಅಡಿ ಮುಟ್ಟುವ ಹೊತ್ತಿಗೆ, ಸಾಮಾನ್ಯವಾಗಿ ಜುಲೈ–ಆಗಸ್ಟ್‌ನಲ್ಲಿ, ಹೊರಹರಿವು ಹೆಚ್ಚುತ್ತದೆ. ಇಲ್ಲಿ ಒಂದು ಹನಿ ಮಳೆಯಿಲ್ಲದಿದ್ದರೂ ಮೆಟ್ಟಿಲು ಮುಳುಗಬಹುದು. ಹೊರಡುವ ದಿನ ಬೆಳಿಗ್ಗೆ ಪತ್ರಿಕೆಯಲ್ಲಿ ಹೊರಹರಿವಿನ ಅಂಕಿ ನೋಡಿ. ಅದು ಏರುತ್ತಿದ್ದರೆ ರಂಗನತಿಟ್ಟಿನ ದೋಣಿಯನ್ನೂ ನಿಮಿಷಾಂಬೆಯ ಸ್ನಾನಘಟ್ಟವನ್ನೂ ಬಿಟ್ಟುಬಿಡಿ. ನೀರು ತಗ್ಗಿದ್ದಾಗಲೂ ಎರಡು ಕವಲು ಸೇರುವ ಕಡೆ ಸುಳಿಯಿದೆ, ತಳದ ಬಂಡೆ ಪಾಚಿಗಟ್ಟಿ ಜಾರುತ್ತದೆ.

ಹರಿಗೋಲು ಹತ್ತುವ ಮುನ್ನ ಜಾಕೆಟ್ ಕೇಳಿ, ಎಲ್ಲರಿಗಿಂತ ದಪ್ಪವಿರುವವರನ್ನು ನಡುವೆ ಕೂರಿಸಿ. ದಡದಲ್ಲಿ ಬೋರಲು ಹಾಕಿದ್ದರೆ ತಳವನ್ನೊಮ್ಮೆ ಮುಟ್ಟಿ. ಬೆರಳಿಗೆ ಡಾಂಬರು ಅಂಟಿದರೆ ತೇಪೆ ಇನ್ನೂ ಒಣಗಿಲ್ಲ, ಪಕ್ಕದ ಹರಿಗೋಲು ನೋಡಿ.