ಇಂಡಿಯಾನಾಪೊಲಿಸ್‌ನಲ್ಲಿ ಒಂದು ಮಾತ್ರೆ ಮೌನ

ಶಿಕಾಗೋದಲ್ಲಿ ವಿಮಾನ ಇಳಿದು ಸಾಮಾನು ಬರುವ ಕಡೆ ನಿಂತಾಗ ಕಣ್ಣೆಲ್ಲ ಒಂದೇ ಪೆಟ್ಟಿಗೆ ಮೇಲೆ. ಬಟ್ಟೆ ಕಳೆದುಹೋದರೆ ಕೊಳ್ಳಬಹುದು. ಹದಿನೆಂಟು ವರ್ಷ ನುಡಿಸಿದ ಹಲಸಿನ ಮರದ ಮೃದಂಗವನ್ನು ಎಲ್ಲಿಂದ ತರುವುದು? ಪೆಟ್ಟಿಗೆ ಬಂತು. ಕಸ್ಟಮ್ಸ್‌ನವರು ಯಾವ ಚರ್ಮ ಅಂತ ಕೇಳಿದರು. ದನದ್ದು, ಮೇಕೆಯದು ಅಂದೆ. ತೆಗೆದು ನೋಡಿ ಬಿಟ್ಟರು.

ಖಂಜಿರಾ, ಅಂದರೆ ಕೈಯಲ್ಲಿ ಹಿಡಿದು ನುಡಿಸುವ ಪುಟ್ಟ ಚರ್ಮವಾದ್ಯದ ವಿಷಯದಲ್ಲಿ ಮಾತ್ರ ಮೊದಲೇ ಎಚ್ಚರ ವಹಿಸಿದ್ದೆ. ಹಿಂದೆ ಖಂಜಿರಾಕ್ಕೆ ಉಡದ ಚರ್ಮ ಕಟ್ಟುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯಡಿ ಉಡ ಸಂರಕ್ಷಿತ ಪ್ರಾಣಿ. ಅದಕ್ಕೇ ಫೈಬರ್ ಮುಖದ್ದನ್ನೇ ತಂದಿದ್ದೆ. ನಾದ ಸ್ವಲ್ಪ ಬೇರೆ, ನಿಜ. ಆದರೆ ಒಂದು ಜೀವ ಉಳಿಯುತ್ತೆ ಅಂದರೆ ಆ ವ್ಯತ್ಯಾಸಕ್ಕೆ ಕಿವಿ ಒಗ್ಗಿಕೊಳ್ಳಬೇಕು.

ಅಲ್ಲಿಂದ ಇಂಡಿಯಾನಾಪೊಲಿಸ್‌ಗೆ ಕಾರಿನಲ್ಲಿ ಮೂರು ಗಂಟೆ. ಕುಯಿಲು ಮುಗಿದ ಜೋಳದ ಹೊಲಗಳು, ನಡುವೆ ಸಾಲುಸಾಲು ಗಾಳಿಯಂತ್ರಗಳು. ಗೆಳೆಯನ ತಂಗಿ ಅಲ್ಲೇ ನೆಲೆಸಿದ್ದಾಳೆ. ಅವಳ ಯಜಮಾನರೇ ಕಾರು ತಂದಿದ್ದರು.

ನಾನು ಹೋಗಿದ್ದು ಪರ್ಕಸಿವ್ ಆರ್ಟ್ಸ್ ಸೊಸೈಟಿಯ ಸಮಾವೇಶಕ್ಕೆ. ಪಾಸಿಕ್ ಅಂತ ಎಲ್ಲರೂ ಕರೆಯುತ್ತಾರೆ. 1961ರಲ್ಲಿ ಶುರುವಾದ, ತಾಳವಾದ್ಯ ನುಡಿಸುವವರ ಸಂಸ್ಥೆ ಅದು. ಶಾಲಾ ಮೇಷ್ಟರು, ಕಾಲೇಜು ಪ್ರೊಫೆಸರು, ಬ್ಯಾಂಡಿನ ಹುಡುಗರು, ವಾದ್ಯ ಮಾಡುವವರು ಎಲ್ಲಾ ಸೇರುತ್ತಾರೆ. ಹೋಟೆಲ್‌ನಿಂದ ಕನ್ವೆನ್ಷನ್ ಸೆಂಟರ್‌ಗೆ ಗಾಜಿನ ಮೇಲ್ಸೇತುವೆ ಇದೆ. ಹೊರಗಿನ ಚಳಿಗೆ ಮೈ ಒಡ್ಡದೇ ಹೋಗಬಹುದು. ಮೊದಲ ದಿನ ಬೆಳಗ್ಗೆ ಅಲ್ಲಿ ಕಾಲಿಟ್ಟಾಗ ಮಳೆ ಸುರಿಯುತ್ತಿದೆ ಅನ್ನಿಸಿತು. ಮಳೆಯಲ್ಲ. ಗೋಡೆಗೆ ಒರಗಿ ಕೂತ ಹುಡುಗರು, ಹುಡುಗಿಯರು ತೊಡೆ ಮೇಲೆ ರಬ್ಬರ್ ಪ್ಯಾಡ್ ಇಟ್ಟುಕೊಂಡು ಕೋಲಿನಲ್ಲಿ ಅಭ್ಯಾಸ ಮಾಡುತ್ತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ. ಸಾಧಕಕ್ಕೆ ಇಷ್ಟು ಮನಸ್ಸು ಕೊಟ್ಟ ಮಕ್ಕಳನ್ನು ಒಂದೇ ಕಡೆ ಇಷ್ಟೊಂದು ಜನ ನೋಡಿದ್ದು ಅದೇ ಮೊದಲು. ಖುಷಿಗೆ ಅಲ್ಲೇ ನಿಂತುಬಿಟ್ಟೆ.

ಆದರೆ ಕೋಣೆಯಲ್ಲಿ ತೊಂದರೆ ಕಾದಿತ್ತು. ಚಳಿಗೆ ಹೀಟರ್ ಹಾಕಿದ್ದರಿಂದ ಗಾಳಿ ಒಣಗಿ, ಮೃದಂಗದ ಬಲ ಮುಚ್ಚಿಗೆ, ಅಂದರೆ ಬಲಗಡೆಯ ಚರ್ಮದ ಮುಖ, ಬಿಗಿದು, ಶ್ರುತಿ ತೀರಾ ಏರಿತ್ತು. ಬಾರು ಸಡಿಲಿಸೋಣ ಅಂದರೆ ನಾಳೆ ಸಭಾಂಗಣದಲ್ಲಿ ಹೇಗಿರುತ್ತೋ ಗೊತ್ತಿಲ್ಲ. ಬಚ್ಚಲಲ್ಲಿ ಬಿಸಿನೀರು ಬಿಟ್ಟು ಆವಿ ತುಂಬಿಸಿದೆ. ಮೃದಂಗವನ್ನು ಬಾಗಿಲ ಹೊರಗೆ ಇಟ್ಟು, ಪಕ್ಕದ ಕುರ್ಚಿಗೆ ಒದ್ದೆ ಟವೆಲ್ ಹೊದಿಸಿದೆ. ರಾತ್ರಿ ಮೂರು ಸಲ ಎದ್ದು ಮೀಟು ಹಾಕಿ ನೋಡಿದೆ. ಬೆಳಗ್ಗೆ ಹೊತ್ತಿಗೆ ಶ್ರುತಿ ಹತ್ತಿರ ಬಂದಿತ್ತು. ಮಿಕ್ಕಿದ್ದನ್ನು ಕಲ್ಲಿನಲ್ಲಿ ತಟ್ಟಿ ಸರಿ ಮಾಡಿದೆ.

ದನಿ ತಗ್ಗಲು ಎಡ ಮುಚ್ಚಿಗೆಗೆ ಕಲಸಿದ ರವೆ ಹಚ್ಚಬೇಕಲ್ವಾ? ಗೆಳೆಯನ ತಂಗಿಗೆ ಫೋನ್ ಮಾಡಿದೆ.

"ಅಣ್ಣಾ, ಚಿರೋಟಿ ರವೆ ತರಲಾ, ಬನ್ಸಿ ರವೆ ತರಲಾ?"

"ಸಣ್ಣದೇ ಇರಲಿ ಪುಟ್ಟಿ, ಒಂದು ಹಿಡಿ ಸಾಕು."

ಒಂದು ಡಬ್ಬಿ ತುಂಬ ತಂದಳು. ಜೊತೆಗೆ ಚಿತ್ರಾನ್ನವೂ ಬಂತು.

ನನಗೆ ಸಿಕ್ಕಿದ್ದು 50 ನಿಮಿಷ. ಮೊದಲು ಹದಿನೈದು ನಿಮಿಷ ಆದಿತಾಳದಲ್ಲಿ ನುಡಿಸಿದೆ. ಆಮೇಲೆ ಪಾಠ. ಹೇಳಬೇಕು ಅಂದುಕೊಂಡಿದ್ದು ಒಂದೇ ಮಾತು. ನಮ್ಮಲ್ಲಿ ಪಾಠ ಮೊದಲು ಬಾಯಿಗೆ ಬರುತ್ತೆ, ಆಮೇಲೆ ಕೈಗೆ. ಸೊಲ್ಕಟ್ಟು, ಅಂದರೆ ಪೆಟ್ಟುಗಳನ್ನು ಬಾಯಲ್ಲಿ ಹೇಳುವ ಅಕ್ಷರಗಳು, ಬಾಯಲ್ಲಿ ಕೂರದಿದ್ದರೆ ಬೆರಳಲ್ಲಿ ಕೂರೋದಿಲ್ಲ. ನನ್ನ ಗುರುಗಳು ಮೊದಲ ಆರು ತಿಂಗಳು ಮೃದಂಗ ಮುಟ್ಟಲು ಬಿಟ್ಟಿರಲಿಲ್ಲ. ತಾಳ ಹಾಕು, ಹೇಳು, ಅಷ್ಟೇ.

ಇದು ಅವರಿಗೆ ಹೊಸದಲ್ಲ ಅಂತ ತೋರಿಸಬೇಕಿತ್ತು. ಈ ಸಂಸ್ಥೆ 1984ರಲ್ಲಿ ಸ್ನೇರ್ ಡ್ರಮ್ಮಿನ 40 ಮೂಲಪಾಠಗಳ ಪಟ್ಟಿ ಮಾಡಿತ್ತು. ಅದರಲ್ಲಿ ಪ್ಯಾರಡಿಡಲ್ ಅನ್ನೋದು ಒಂದು. ಬಲ, ಎಡ, ಬಲ, ಬಲ. ಪ್ಯಾ-ರ-ಡಿ-ಡಲ್, ನಾಲ್ಕು ಪೆಟ್ಟಿಗೆ ನಾಲ್ಕು ಅಕ್ಷರ. ನಮ್ಮ ತ-ಕ-ಧಿ-ಮಿ ಥರಾನೇ. ಅವರ ಹಿರಿಯರೂ ಬಾಯಲ್ಲೇ ಹೇಳಿದವರು. ಇದನ್ನು ಹೇಳಿದಾಗ ಮುಂದಿನ ಸಾಲಿನಲ್ಲಿ ಒಬ್ಬಾಕೆ ಪ್ಯಾರಡಿಡಲ್ ಪ್ಯಾರಡಿಡಲ್ ಅಂತ ತನ್ನಷ್ಟಕ್ಕೇ ಹೇಳಿಕೊಳ್ಳತೊಡಗಿದರು.

ಆಮೇಲೆ ತದಿಗಿಣತೊಂ. ಐದು ಅಕ್ಷರ, ಅಕ್ಷರಕ್ಕೊಂದರಂತೆ ಐದು ಮಾತ್ರೆ. ಮೂರು ಸಲ ಹೇಳಿದರೆ ಹದಿನೈದು. ಆದರೆ ಒಂದು ಎಣಿಕೆಗೆ ನಾಲ್ಕರಂತೆ ನಾಲ್ಕು ಎಣಿಕೆಗೆ ಹದಿನಾರು ಮಾತ್ರೆ ಇದೆ. ಹಾಗಾಗಿ ಮೊದಲ ಮಾತ್ರೆ ಮೌನ. ಕೈಯಲ್ಲಿ ಪೆಟ್ಟು ಬೀಳುತ್ತೆ, ಬಾಯಿ ಸುಮ್ನೆ ಇರುತ್ತೆ. ಮುಂದಿನ ಎಣಿಕೆಗಳು ಮೊದಲ ಸಲ 'ಣ' ಮೇಲೆ, ಎರಡನೇ ಸಲ 'ಗಿ' ಮೇಲೆ, ಮೂರನೇ ಸಲ 'ದಿ' ಮೇಲೆ ಬೀಳುತ್ತವೆ. ಒಂದೊಂದೇ ಅಕ್ಷರ ಹಿಂದಕ್ಕೆ ಸರಿದು ಕೊನೆಗೆ ಸಮಕ್ಕೆ, ಅಂದರೆ ತಾಳ ಶುರುವಾಗುವ ಪೆಟ್ಟಿಗೆ, ಬಂದು ಕೂರುತ್ತೆ. ಈ ಲೆಕ್ಕ ನೆನೆದಾಗೆಲ್ಲ ನನಗೆ ಈಗಲೂ ಮೈ ಜುಮ್ಮೆನ್ನುತ್ತೆ.

ಇನ್ನೂರು ಜನ ಇರಬಹುದು. ಅತಿ ಕಷ್ಟದ ಸ್ವರಪತ್ರ ನೋಡಿದ ತಕ್ಷಣ ಓದಿ ನುಡಿಸುವವರು. ಅವರಿಗೂ ಆ ಒಂದು ಮೌನ ಕೈಗೆ ಸಿಗಲಿಲ್ಲ. ಎಲ್ಲರೂ ಆತುರಪಟ್ಟು ಪೆಟ್ಟಿನ ಮೇಲೇ 'ತ' ಅಂದುಬಿಡುತ್ತಿದ್ದರು. ಆರನೇ ಸಲವೋ ಏಳನೇ ಸಲವೋ, ಕಾಗದ ಪೆನ್ನು ಕೆಳಗಿಡಿ ಅಂದೆ. ಆಗ ಬಂತು. ಇನ್ನೂರು ಕೈ ಒಟ್ಟಿಗೆ ತಟ್ಟಿ, ಇನ್ನೂರು ಬಾಯಿ ಒಟ್ಟಿಗೆ ಸುಮ್ಮನಿದ್ದ ಆ ಕ್ಷಣ ಕೋಣೆಯಲ್ಲಿ ಎಷ್ಟು ಗಟ್ಟಿಯಾಗಿ ಕೇಳಿಸಿತು ಗೊತ್ತಾ!

ಮುಗಿದ ಮೇಲೆ ನರೆಗೂದಲಿನ ಡ್ರಮ್ ಮೇಷ್ಟರೊಬ್ಬರು ಬಂದರು. ಬೆಂಗಳೂರಿನವರಾ ಅಂತ ಕೇಳಿ, ಗಾಯಕಿ ರಾಮಮಣಿಯವರ ಹೆಸರು ಹೇಳಿದರು. ಆಕೆಯ ಪತಿ, ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿಯವರು 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ ತಂದ ಧ್ವನಿಮುದ್ರಿಕೆಯನ್ನು ಇವರು ಹುಡುಗರಾಗಿದ್ದಾಗ ಕೇಳಿದ್ದರಂತೆ. ಆರ್.ಎ. ರಾಮಮಣಿಯವರ ದನಿ ಆಗಿನಿಂದ ಕಿವಿಯಲ್ಲಿದೆ ಅಂದರು. ನಮ್ಮೂರಿನ ಆ ದಂಪತಿ ಎಷ್ಟು ದೂರ ತಾಳ ಬಿತ್ತಿದ್ದರು! ನನಗೆ ಮಾತೇ ಹೊರಡಲಿಲ್ಲ. ಅವರ ಕೈ ಹಿಡಿದುಕೊಂಡು ನಿಂತೆ.

ಮಾರನೇ ದಿನ ವಾದ್ಯಗಳ ಮಳಿಗೆ ಸುತ್ತಿದೆ. ಮರಿಂಬಾ, ತಾಳದ ತಟ್ಟೆ, ಡೋಲು ಎಲ್ಲಾ ಒಟ್ಟಿಗೆ. ಕಿವಿಗೆ ಬೆಣೆ ಹಾಕದೇ ಅಲ್ಲಿ ಅರ್ಧ ಗಂಟೆ ಇರಲು ಆಗೋದಿಲ್ಲ.

ಆದರೆ ಮನಸ್ಸಿನಲ್ಲಿ ಜಾಸ್ತಿ ಉಳಿದದ್ದು ಹಿಂದಿನ ದಿನ ನನ್ನ ಕಾರ್ಯಕ್ರಮ ಮುಗಿದ ಮೇಲಿನ ಅರ್ಧ ಗಂಟೆ. ಎಲ್ಲರೂ ಹೋದ ಮೇಲೆ ಮೂಲೆಯಲ್ಲಿ ಕೂತು ರವೆ ಕೆರೆಯುತ್ತಿದ್ದೆ. ಹಾಗೇ ಬಿಟ್ಟರೆ ಒಣಗಿ ಚರ್ಮ ಹಾಳಾಗುತ್ತೆ. ಬ್ಯಾಂಡಿನ ಹುಡುಗನೊಬ್ಬ ಬಂದು ಎದುರಿಗೆ ಮಂಡಿಯೂರಿದ. ಇದೇನು ಅಂದ. ರವೆ, ನಮ್ಮ ಮನೆಗಳಲ್ಲಿ ಇದರಲ್ಲೇ ತಿಂಡಿ ಮಾಡ್ತಾರೆ ಅಂದೆ. ಹಾಕುವ ಮುಂಚೆ ಎಡಗಡೆ ಹೇಗಿರುತ್ತೆ, ಹಾಕಿದ ಮೇಲೆ ದನಿ ಹೇಗೆ ತಗ್ಗುತ್ತೆ ಅಂತ ತೋರಿಸಿದೆ. ಉಳಿದಿದ್ದ ಚೂರು ರವೆಯನ್ನು ಬೆರಳಲ್ಲಿ ಮುಟ್ಟಿ ನೋಡಿದ. ಕಲಸಿದ ಹಿಟ್ಟಿನ ಹಾಗೆ ಮೆತ್ತಗೆ, ತಣ್ಣಗೆ. ನಾನೂ ಕೆರೀಲಾ ಅಂದ. ಚಮಚ ಕೊಟ್ಟೆ.

ಕೆರೆಯುತ್ತಾ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದ. ಎರಡು ಸಲ ತಪ್ಪಿದ. ಮೂರನೇ ಸಲ ಚಮಚ ಕೆಳಗಿಟ್ಟು, ತೊಡೆ ತಟ್ಟಿ, ಬಾಯಿ ಮುಚ್ಚಿದ. ಆಮೇಲೆ ಶುರು ಮಾಡಿದ: ತದಿಗಿಣತೊಂ.