ಹನ್ನೆರಡರ ಹುಡುಗಿಯ ಡೈರಿ: ಅವಳು ಪೆನ್ನು ಹಿಡಿದದ್ದು ಎಷ್ಟು ಹೊತ್ತಿಗೆ?

‘ಅದೇ ನಮ್ಮ ಕೊನೆಯ ಭೇಟಿ ಅಂತ ಆಗ ನನಗೆ ಗೊತ್ತಿರಲಿಲ್ಲ.’

ಡೈರಿ ಕಾದಂಬರಿಯ ಹಸ್ತಪ್ರತಿಯಲ್ಲಿ ಇಂಥದೊಂದು ವಾಕ್ಯ ಕಂಡರೆ ಅಲ್ಲಿಗೆ ಗೋಡೆ ಬಿರುಕು ಬಿಟ್ಟಿತು ಎಂದೇ ಲೆಕ್ಕ. ಮಂಗಳವಾರ ರಾತ್ರಿ ಬರೆಯಲು ಕೂತವಳಿಗೆ ಬುಧವಾರದ ಸುದ್ದಿ ಗೊತ್ತಿರುವುದಿಲ್ಲ. ದೊಡ್ಡವಳಾದ ಮೇಲೆ ಬಾಲ್ಯ ನೆನೆದು ಹೇಳುವ ಕಥೆಗೂ ಡೈರಿಗೂ ಇರುವ ಅಂತರವೆಲ್ಲ ಇಷ್ಟರಲ್ಲೇ ಇದೆ.

ಆದ್ದರಿಂದ ಕಥೆ ಹೆಣೆಯುವ ಮೊದಲು ಒಂದು ಪಟ್ಟಿ ಮಾಡಿಕೊಳ್ಳಿ. ತಾರೀಕು, ವಾರ, ನಡೆದದ್ದೇನು, ಬರೆಯಲು ಕೂತದ್ದು ಎಷ್ಟು ಹೊತ್ತಿಗೆ, ಎಲ್ಲಿ, ಮನೆಯಲ್ಲಿ ಆಗ ಎಚ್ಚರವಿದ್ದವರು ಯಾರು, ಇವತ್ತಿಗೆ ಅವಳಿಗೆ ತಿಳಿಯದೇ ಇರುವುದು ಏನು. ಕೊನೆಯ ಕಲಮೇ ಕಾದಂಬರಿಯ ಇಂಧನ. ಅಪ್ಪ ಕೆಲಸ ಕಳೆದುಕೊಂಡದ್ದು ಅವಳಿಗೆ ಗೊತ್ತಿಲ್ಲ. ಆದರೆ ಅಪ್ಪ ವಾರದ ನಡುವೆಯೂ ಹತ್ತು ಗಂಟೆಗೆ ಶೇವ್ ಮಾಡಿಕೊಳ್ಳುವುದನ್ನು ಬರೆಯುತ್ತಾಳೆ. ಓದುವವರಿಗೆ ಅಷ್ಟು ಸಾಕು.

ಕೈಬರಹಕ್ಕೂ ಮಿತಿಯಿದೆ. ಏಳನೇ ತರಗತಿಯವಳು ಹೋಂವರ್ಕ್ ಮುಗಿಸಿ, ದೀಪ ಆರಿಸುವ ಮುಂಚೆ ಸಿಗುವ ಅರ್ಧ ಗಂಟೆಯಲ್ಲಿ ಬರೆದಾಳೆಂದರೆ ಎಷ್ಟು? ನೋಟ್‌ಬುಕ್ಕಿನ ಎರಡು ಪುಟ, ಹೆಚ್ಚೆಂದರೆ ಮೂರು. ನಂಬಿಕೆ ಬಾರದಿದ್ದರೆ ಗಡಿಯಾರ ಮುಂದಿಟ್ಟುಕೊಂಡು ನೀವೇ ಕೈಯಲ್ಲಿ ಬರೆದು ನೋಡಿ. ಎರಡು ಸಾವಿರ ಪದಗಳ ನಮೂದು ಬೇಕೇ ಬೇಕೆಂದರೆ ಭಾನುವಾರ ಕೊಡಿ, ಅಥವಾ ಜ್ವರ ಬರಿಸಿ. ಸಂಭಾಷಣೆಗೂ ಇದೇ ನಿಯಮ. ಜಗಳದಲ್ಲಿ ಯಾರು ಏನಂದರೆಂಬುದು ಒಂದೂವರೆ ಪುಟದಷ್ಟು ಯಾರಿಗೂ ನೆನಪಿರುವುದಿಲ್ಲ, ಚುಚ್ಚಿದ ಎರಡು ಮಾತು ನೆನಪಿರುತ್ತದೆ. ‘ಶಮ್ಮಿ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಜಾಮಿಟ್ರಿ ಬಾಕ್ಸ್ ವಾಪಸ್ ಕೊಟ್ಟಳು, ಮುಳ್ಳುಕಂಪಾಸು ಇರಲಿಲ್ಲ.’ ಒಂದು ಸ್ನೇಹ ಮುರಿಯಲು ಇದಕ್ಕಿಂತ ಹೆಚ್ಚು ಬೇಡ.

ಕ್ಯಾಲೆಂಡರ್ ನಿಜದ್ದೇ ಇರಲಿ. ಕ್ಯಾರೆನ್ ಕುಶ್‌ಮನ್ 1994ರಲ್ಲಿ ಪ್ರಕಟಿಸಿದ ‘ಕ್ಯಾಥರೀನ್, ಕಾಲ್ಡ್ ಬರ್ಡಿ’ 1290ರ ಇಂಗ್ಲೆಂಡಿನ ಹುಡುಗಿಯ ಡೈರಿ. ಸಂತರ ಹಬ್ಬದ ದಿನಗಳೇ ಅಲ್ಲಿ ತಾರೀಕಿನ ಕೆಲಸ ಮಾಡುತ್ತವೆ. ನಮ್ಮಲ್ಲಿ ಆ ಕೆಲಸಕ್ಕೆ ಪಂಚಾಂಗವಿದೆ, ಶಾಲೆಯ ವೇಳಾಪಟ್ಟಿಯಿದೆ. 2019-20ರ ಶೈಕ್ಷಣಿಕ ವರ್ಷವನ್ನೇ ತೆಗೆದುಕೊಳ್ಳಿ. ಗಣೇಶನ ಹಬ್ಬ ಸೆಪ್ಟೆಂಬರ್ 2, ಸೋಮವಾರ. ಅದೇ ವಾರ, ಶನಿವಾರ ಬೆಳಗಾಗುವ ಮೊದಲೇ ಚಂದ್ರನ ಮೇಲೆ ಇಳಿಯಬೇಕಿದ್ದ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಸಂಪರ್ಕ ಕಳೆದುಕೊಂಡಿತು. ಡಿಸೆಂಬರ್ 26ರ ಗುರುವಾರ ಬೆಳಿಗ್ಗೆ ಸೂರ್ಯಗ್ರಹಣ. ಮಂಗಳೂರು, ಕೊಡಗಿನ ಕಡೆ ಕಂಕಣ ಕಂಡಿತು, ಬೆಂಗಳೂರಲ್ಲಿ ಪಾರ್ಶ್ವ ಗ್ರಹಣವಷ್ಟೇ. ಬೆಂಗಳೂರಿನ ಹುಡುಗಿ ತಾರಸಿ ಮೇಲೆ ನಿಂತು ಬಳೆಯಾಕಾರ ನೋಡಿದಳೆಂದು ಬರೆದರೆ ಹಿಡಿದು ಕೇಳುವ ಓದುಗರು ಇದ್ದಾರೆ. ಆಮೇಲೆ ಮಾರ್ಚ್ 24ರ ರಾತ್ರಿ, 21 ದಿನದ ಲಾಕ್‌ಡೌನ್ ಘೋಷಣೆ. ಮರುದಿನ ಬುಧವಾರ ಯುಗಾದಿ. ಇವಳು ಬೆರಳೆಣಿಸಿ ಏಪ್ರಿಲ್ 14 ಎಂದು ಲೆಕ್ಕ ಹಾಕುತ್ತಾಳೆ, ಅಷ್ಟರೊಳಗೆ ಶಮ್ಮಿಗೆ ವಾಪಸ್ ಕೊಡಬೇಕಾದ ಪುಸ್ತಕದ ಚಿಂತೆ ಮಾಡುತ್ತಾಳೆ. ಮುಂದಿನದು ಓದುಗರಿಗೆ ಗೊತ್ತು, ಅವಳಿಗಿಲ್ಲ. ಹಾಗೆಂದು ಸುದ್ದಿಗಳನ್ನೆಲ್ಲ ತುರುಕಬೇಡಿ. ವರ್ಷಕ್ಕೆ ನಾಲ್ಕು ಸಾಕು, ಅವೂ ಅವಳ ತಟ್ಟೆಗೆ, ಬಟ್ಟೆಗೆ, ರಜೆಗೆ ತಾಗಿದಷ್ಟೇ.

ಈ ವಯಸ್ಸಿನ ಕಾದಂಬರಿ ಅತಿ ಹೆಚ್ಚು ಎಡವುವುದು ಮೈಯ ವಿಷಯದಲ್ಲಿ. ಮೊದಲ ಮುಟ್ಟನ್ನೇ ಆರಂಭ ಮಾಡಿ, ಎತ್ತರ ಏರುವುದು, ಎದೆ ಮೂಡುವುದನ್ನೆಲ್ಲ ಆಮೇಲೆ ತರುತ್ತಾರೆ. ಸಾಮಾನ್ಯವಾಗಿ ಕ್ರಮ ತಿರುಗುಮುರುಗು. ಎದೆಯ ಮೊಗ್ಗು ಮೊದಲು ಕಾಣುತ್ತದೆ, ಮುಟ್ಟು ಸುಮಾರು ಎರಡು-ಎರಡೂವರೆ ವರ್ಷದ ಮೇಲೆ. ವೇಗವಾಗಿ ಎತ್ತರ ಬೆಳೆಯುವ ಕಾಲವೂ ಮುಟ್ಟಿಗಿಂತ ಮುಂಚಿನದೇ. ಪಾದ ಅದಕ್ಕೂ ಮೊದಲು ಉದ್ದವಾಗುವುದರಿಂದ ಶಾಲೆ ಶುರುವಾದಾಗ ಕೊಂಡ ಶೂ ದಸರಾ ಹೊತ್ತಿಗೆ ಬಿಗಿಯಾದರೆ ಅದೇ ಮೊದಲ ಸುಳಿವು. ಅಮ್ಮ ಬೈದುಕೊಂಡು ದೊಡ್ಡ ಸೈಜ್ ತರುತ್ತಾಳೆ. ಏನು ನಡೆಯುತ್ತಿದೆಯೆಂದು ಡೈರಿ ಹೇಳಬೇಕಿಲ್ಲ. ಮೊದಲ ಮುಟ್ಟಿನ ನಂತರ ತಿಂಗಳಿಗೆ ಸರಿಯಾಗಿ ಎರಡನೆಯದನ್ನು ತರುವುದೂ ಜಾಣತನವಲ್ಲ. ಮೊದಲ ಒಂದೆರಡು ವರ್ಷ ಅಂತರ ಏರುಪೇರಾಗುವುದು ಸಹಜ. ಎರಡು ತಿಂಗಳು ಏನೂ ಆಗದೆ ಅವಳು ಹೆದರುವುದು ಕಾದಂಬರಿಗೆ ಒಳ್ಳೆಯ ಸರಕು.

ಯಾವ ಪದ ಬರೆಯುತ್ತಾಳೆ ಎಂಬುದು ಇನ್ನೂ ಸೂಕ್ಷ್ಮ. ಅಜ್ಜಿ ‘ದೊಡ್ಡವಳಾದಳು’ ಎನ್ನುತ್ತಾಳೆ, ಅಮ್ಮ ಪಕ್ಕದ ಮನೆಯವರ ಕಿವಿಯಲ್ಲಿ ‘ಹೊರಗಾಗಿದ್ದಾಳೆ’ ಎನ್ನುತ್ತಾಳೆ, ಗೆಳತಿಯರ ಬಾಯಲ್ಲಿ ‘ಪೀರಿಯಡ್ಸ್’. ‘ಋತುಮತಿ’ ಲೇಖಕರದು, ಅವಳದಲ್ಲ. ಅವಳು ಬಹುಶಃ ಹೆಸರನ್ನೇ ಬರೆಯುವುದಿಲ್ಲ: ‘ಇವತ್ತು ಅದು.’ ಮೂರು ದಿನ ಪುಟ ಖಾಲಿ ಬಿಡಿ. ನಾಲ್ಕನೇ ದಿನ ಆರತಿಗೆ ಬಂದವರು ತಿನ್ನಿಸಿದ ಚಿಗಳಿ ಎಷ್ಟು, ಯಾರ ಸೀರೆ ಯಾವ ಬಣ್ಣ, ಅಣ್ಣನ ಜೊತೆ ಕ್ರಿಕೆಟ್ಟಿಗೆ ಯಾಕೆ ಕಳಿಸಲಿಲ್ಲ ಎಂದು ಬರೆಯಲಿ. ಸಿಟ್ಟು ಕ್ರಿಕೆಟ್ಟಿನ ಸಾಲಲ್ಲಿ ಹೊರಬರಲಿ.

ಕಾಗುಣಿತದ ತಪ್ಪು ಮುದ್ದಾಗಿರಲೆಂದು ಸುರಿಯಬೇಡಿ. ಮೂರು ಪದ ಆರಿಸಿ, ಅವನ್ನೇ ಪ್ರತಿ ಸಲ ತಪ್ಪಾಗಿ ಬರೆಸಿ, ಜನವರಿ ಹೊತ್ತಿಗೆ ಒಂದನ್ನು ಸರಿಮಾಡಿ.

ಡೈರಿಯನ್ನು ಯಾರು ಕದ್ದು ಓದಬಹುದೆಂದು ಅವಳಿಗೆ ಭಯವಿರಬೇಕು. ಭಯವಿದ್ದರೆ ಬಚ್ಚಿಡುವ ಜಾಗ, ಅಡ್ಡಹೆಸರು, ಹೊಡೆದುಹಾಕಿದ ಸಾಲು ಎಲ್ಲ ತಾವಾಗಿ ಬರುತ್ತವೆ. ತಾಯಿ ಓದಿದ್ದಾಳೆಂದು ಗೊತ್ತಾದ ಮೇಲಿನ ಹತ್ತು ನಮೂದುಗಳು ಪೂರಾ ಸುಳ್ಳಾಗಿದ್ದರೆ ಸೊಗಸು. ಓದುಗರು ಸುಳ್ಳನ್ನು ಹಿಡಿಯಲು ಹಿಂದಿನ ಪುಟಗಳಲ್ಲಿ ಎರಡಾದರೂ ಗುರುತು ಬಿಟ್ಟಿರಬೇಕು, ಅಷ್ಟೆ.

ಒಟ್ಟು ಎಂಬತ್ತರಿಂದ ನೂರು ನಮೂದು, ಇಪ್ಪತ್ತೈದು-ಮೂವತ್ತು ಸಾವಿರ ಪದ ಈ ವಯಸ್ಸಿನ ಓದುಗರಿಗೆ ಹಿಡಿಸುವ ಅಳತೆ. ಮುಗಿಸುವಾಗ ಹುಡುಗಿಗೆ ಬುದ್ಧಿ ಬರಿಸುವ ಕೊನೆಯ ಪುಟ ಬರೆದಿದ್ದರೆ ಅದನ್ನು ಹರಿದುಹಾಕಿ. ಇನ್ನೂರು ಪುಟದ ನೋಟ್‌ಬುಕ್ ಮುಗಿಯುತ್ತಾ ಬಂದಿದೆ, ಅಂಗಡಿ ಮುಚ್ಚಿದೆ, ಅಕ್ಷರ ಚಿಕ್ಕದಾಗುತ್ತಾ ಹೋಗಿ ಕೊನೆಗೆ ರಟ್ಟಿನ ಒಳಬದಿಯ ಗುಣಾಕಾರದ ಮಗ್ಗಿಯ ಪಕ್ಕ ಬರೆಯುತ್ತಾಳೆ: ‘ಶಮ್ಮಿ ಫೋನ್ ಮಾಡಿದ್ದಳು. ಅವಳು’